ಮೊದಲು ಕೈ ಚಾಚಿದವರು ಯಾರು

ಕುಷ್ಠರೋಗ ವಿಭಾಗದಲ್ಲಿ ಪ್ಯಾರಾಮೆಡಿಕಲ್ ವರ್ಕರ್ ಆಗಿ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳನ್ನು ಮೊದಲು ಸೈಕಲ್ಲಿನಲ್ಲಿ, ಆಮೇಲೆ ಮೊಪೆಡ್ಡಿನಲ್ಲಿ ಸುತ್ತಿದವನು ನಾನು. ನಿವೃತ್ತನಾಗಿ ವರ್ಷಗಳಾದವು. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಓದಲು ಏನಾದರೂ ಬರೆದುಕೊಡಿ ಎಂದು ತಾಲ್ಲೂಕು ಕಚೇರಿಯಲ್ಲಿರುವ ಪರಿಚಯದವರೊಬ್ಬರು ಕೇಳಿದರು. ಇದು ನಾಲ್ಕನೆಯ ಸಲ ಬರೆಯುತ್ತಿರುವುದು. ಮೊದಲ ಮೂರನ್ನು ಹರಿದುಹಾಕಿದೆ. ಓದಿ ನೋಡಿದರೆ ಮೂರರಲ್ಲೂ ನಾನು ಒಳ್ಳೆಯ ಮನುಷ್ಯನಾಗಿದ್ದೆ. ಘಟನೆಗಳೆಲ್ಲ ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ನಡೆದದ್ದು ಹಾಗೆ ಎಂದೂ ಸಾಲಾಗಿ ನಿಂತಿರಲಿಲ್ಲ.

ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು, ಇವನ್ನು ಬಿಡುತ್ತೇನೆ. ಶೇಕ್‌ಹ್ಯಾಂಡ್ ಬಗ್ಗೆ ಮಾತ್ರ ಬರೆಯುತ್ತೇನೆ. ನನ್ನ ಕೆಲಸ ದಿನಾ ಅದರಿಂದಲೇ ಶುರುವಾಗುತ್ತಿತ್ತು. ಒಬ್ಬ ಮನುಷ್ಯನ ಬದುಕು ಕೆಟ್ಟದ್ದೂ ಅದರಿಂದ. ಆ ದಿನ ಸಂತೆಮಾಳದಲ್ಲಿ ಮೊದಲು ಕೈ ಚಾಚಿದ್ದು ಅವನೋ ನಾನೋ ಎಂಬ ಪ್ರಶ್ನೆಯನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದೇನೆ.

ನಮಗೆ ತರಬೇತಿ ಕೊಟ್ಟ ಡಾಕ್ಟರು ಗಿಡ್ಡ ಆಳು, ದಪ್ಪ ಕನ್ನಡಕ. ಮೊದಲ ದಿನ ಅವರು ಪುಸ್ತಕ ತೆರೆಯಲಿಲ್ಲ. ಒಬ್ಬೊಬ್ಬರನ್ನೇ ಮುಂದಕ್ಕೆ ಕರೆದು ಕೈ ಕುಲುಕಿದರು.

"ಏನ್ರೀ ಗೊತ್ತಾಯ್ತು?" ಎಂದು ನನ್ನನ್ನು ಕೇಳಿದರು.

"ನಿಮ್ಮ ಕೈ ಬೆಚ್ಚಗಿದೆ ಸಾರ್."

"ನಿಮ್ಮದು ಒದ್ದೆ. ಹೆದರಿಕೊಂಡಿದ್ದೀರಿ. ಅಂಗೈ ಬೆವರ್ತಾ ಇದೆ ಅಂದ್ರೆ ನರ ಜೀವಂತವಾಗಿದೆ. ಕಿರುಬೆರಳಿಗೆ ಶಕ್ತಿ ಇದೆ. ನೋಡಿ, ನಿಮ್ಮ ಹೆಸರು ಕೇಳೋ ಮುಂಚೆ ಇಷ್ಟು ಗೊತ್ತಾಯ್ತು ನನಗೆ."

ಕುಷ್ಠ ಮೊದಲು ಕೈಹಾಕುವುದು ಚರ್ಮಕ್ಕೆ ಮತ್ತು ನರಕ್ಕೆ. ಮೊಣಕೈ ಹಿಂದೆ ಹಾಯುವ ನರ ಊದಿಕೊಂಡರೆ ಕಿರುಬೆರಳು, ಉಂಗುರಬೆರಳು ಒಳಕ್ಕೆ ಮಡಚಿಕೊಳ್ಳುತ್ತವೆ. ಅಂಗೈ ಒಣಗುತ್ತದೆ. ಮುಟ್ಟಿದ್ದು ತಿಳಿಯುವುದಿಲ್ಲ. ಮಚ್ಚೆಯನ್ನು ಬಟ್ಟೆಯೊಳಗೆ ಮುಚ್ಚಿಡಬಹುದು, ಕೈಯನ್ನು ಮುಚ್ಚಿಡಲಾಗದು. ಆದ್ದರಿಂದ ಕೈ ಕುಲುಕಿದರೆ ಅರ್ಧ ಪರೀಕ್ಷೆ ಮುಗಿದಂತೆ ಎಂದರು ಡಾಕ್ಟರು. ಇನ್ನೊಂದು ಲಾಭವನ್ನೂ ಹೇಳಿದರು: ಯಾರೂ ಮುಟ್ಟದವನನ್ನು ನೀವು ಮುಟ್ಟಿದಿರಿ, ಇನ್ನು ಅವನು ನಿಮ್ಮ ಮಾತು ಕೇಳುತ್ತಾನೆ.

"ಶೇಕ್‌ಹ್ಯಾಂಡ್ ಹುಟ್ಟಿದ್ದು ಯಾಕೆ ಗೊತ್ತೇನ್ರೀ? ಕೈಯಲ್ಲಿ ಕತ್ತಿ ಇಲ್ಲ ಅಂತ ತೋರಿಸೋಕೆ. ಕುಲುಕೋದು ಯಾಕೆ? ತೋಳೊಳಗೆ ಚಾಕು ಬಚ್ಚಿಟ್ಟಿದ್ರೆ ಕೆಳಗೆ ಬೀಳಲಿ ಅಂತ."

ನಾವೆಲ್ಲ ಅದನ್ನು ಬರೆದುಕೊಂಡೆವು. ನಿವೃತ್ತಿಯ ಮೇಲೆ ಬೇರೆ ಕೆಲಸವಿಲ್ಲದೆ ಗ್ರಂಥಾಲಯದಲ್ಲಿ ಕೂತು ಇದನ್ನು ಹುಡುಕಿದೆ. ಕತ್ತಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆಧಾರ ಯಾರಲ್ಲೂ ಇಲ್ಲ. ಗ್ರೀಸ್ ದೇಶದ ಹಳೆಯ ಸಮಾಧಿಕಲ್ಲುಗಳ ಮೇಲೆ ಸತ್ತವರೂ ಬದುಕಿರುವವರೂ ಕೈ ಹಿಡಿದು ನಿಂತಿರುವ ಚಿತ್ರಗಳಿವೆಯಂತೆ. ಅದು ಬೀಳ್ಕೊಡುವುದೋ ಬರಮಾಡಿಕೊಳ್ಳುವುದೋ ಎಂಬುದರಲ್ಲಿ ತಿಳಿದವರಿಗೇ ಒಮ್ಮತವಿಲ್ಲ. ದೊಡ್ಡವರ ಮುಂದೆ ಟೋಪಿ ತೆಗೆದು ಬಾಗುವುದಿಲ್ಲ, ಎಲ್ಲರೂ ಸಮ ಎಂದು ಕೈ ಕುಲುಕುವುದನ್ನೇ ರೂಢಿ ಮಾಡಿಕೊಂಡ ಒಂದು ಕ್ರೈಸ್ತ ಪಂಗಡ ಇಂಗ್ಲೆಂಡಿನಲ್ಲಿತ್ತು. ಅದೇ ಇಂಗ್ಲೆಂಡಿನವರು ನಮ್ಮಲ್ಲಿಗೆ ಬಂದು, ಯಾರ ಕೈ ಕುಲುಕಬೇಕು ಯಾರದ್ದನ್ನು ಕುಲುಕಬಾರದು ಎಂದು ಲೆಕ್ಕ ಹಾಕಿದರು. ಇಷ್ಟೆಲ್ಲ ಓದಿದ ಮೇಲೆ ನನಗೆ ಉಳಿದದ್ದು ಒಂದೇ ಮಾತು. ಕೈ ಕುಲುಕುವುದರ ಅರ್ಥ ಕೈಯಲ್ಲಿಲ್ಲ, ಸುತ್ತ ನಿಂತು ನೋಡುವವರಲ್ಲಿದೆ. ಇದು ಕೆಲಸಕ್ಕೆ ಸೇರಿದ ದಿನ ತಿಳಿದಿದ್ದರೆ ಚೆನ್ನಾಗಿತ್ತು.

ನಾನು ಹುಟ್ಟಿದ್ದು ನಂಜನಗೂಡಿನ ಪೌರೋಹಿತ್ಯದ ಮನೆಯಲ್ಲಿ. ಅಲ್ಲಿ ಯಾರೂ ಯಾರನ್ನೂ ಮುಟ್ಟಿ ಮಾತಾಡಿಸುತ್ತಿರಲಿಲ್ಲ. ದೂರದಿಂದಲೇ ಕೈ ಮುಗಿಯುವುದು. ಕೆಲಸಕ್ಕೆ ಸೇರಿದ ಮೇಲೆ ಅಮ್ಮ ದಿನಾ ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಬಟ್ಟೆ ಅಲ್ಲೇ ಬಿಡು. ತಲೆಗೆ ಸ್ನಾನ ಮಾಡ್ಕೊಂಡು ಒಳಗ್ ಬಾ. ಏನೇನು ಮುಟ್ಟಿದೆ ಅಂತ ಮಾತ್ರ ನನಗೆ ಹೇಳ್ಬೇಡ."

ಬಿಳಿಗೆರೆ ಕಡೆಯ ಒಬ್ಬ ಮುದುಕಿ ನನ್ನ ಮೊದಲ ರೋಗಿ. ಡಾಕ್ಟರು ಹೇಳಿಕೊಟ್ಟಂತೆ ನಗುತ್ತಾ ಅವಳ ಕೈ ಕುಲುಕಿದೆ. ಆಮೇಲೆ ಅವಳ ಕಣ್ಣೆದುರಿಗೇ, ಅವಳದೇ ಬಾನಿಯಿಂದ ನೀರು ಮೊಗೆದು, ಜೇಬಿನಲ್ಲಿದ್ದ ಕೆಂಪು ಸೋಪಿನಿಂದ ಮೊಣಕೈವರೆಗೆ ತೊಳೆದುಕೊಂಡೆ. ಮುದುಕಿ ನೋಡುತ್ತಾ ಕೂತಿದ್ದು, "ಸೋಪ ಅಲ್ಲೇ ಬುಟ್ಟೋಗಪ್ಪ. ನಾನೂವೆ ತೊಳ್ಕತೀನಿ. ನಿನ್ ಕೈಯ ನಾನೂ ಮುಟ್ಟಿವ್ನಲ್ಲ" ಎಂದಳು. ಇದನ್ನು ಕಚೇರಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಆ ಮುದುಕಿ ಮತ್ತೆ ಗುಳಿಗೆಗೆ ಬರಲೇ ಇಲ್ಲ ಎಂದು ಇಲ್ಲಿ ಬರೆಯಲು ಕೈ ಹೋಗುತ್ತಿದೆ. ಕಥೆಗೆ ಅದು ಹೊಂದುತ್ತದೆ. ನಿಜಕ್ಕೂ ಬಂದಳೋ ಇಲ್ಲವೋ ನನಗೆ ನೆನಪಿಲ್ಲ.

ಆಗ ಹಳ್ಳಿಗಳಲ್ಲಿ ಶೇಕ್‌ಹ್ಯಾಂಡ್ ಎಂದರೆ ಬಹುಮಾನ ಕೊಡುವಾಗ ಅತಿಥಿಗಳು ಮಾಡುವ ಕೆಲಸ. ಹಾಗಾಗಿ ಮೊದಮೊದಲು ಜನಕ್ಕೆ ಹೆಮ್ಮೆಯಾಗುತ್ತಿತ್ತು. ಸಾಹೇಬರು ನನ್ನ ಕೈ ಕುಲುಕಿದರು ಎಂದು ಹೇಳಿಕೊಳ್ಳುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಜನ ಲೆಕ್ಕ ಹಾಕಿಬಿಟ್ಟರು. ಈ ಮನುಷ್ಯ ಎಲ್ಲರ ಕೈಯನ್ನೂ ಕುಲುಕುವುದಿಲ್ಲ. ಯಾರ ಕೈ ಕುಲುಕುತ್ತಾನೋ ಅವರ ಮನೆಗೆ ತಿಂಗಳು ತಿಂಗಳು ಗುಳಿಗೆ ಬರುತ್ತದೆ.

ಬಿಳಿಗೆರೆಯ ಹೋಟೆಲಿಗೆ ಕಾಲಿಟ್ಟರೆ ಸಾಕು, ಬೆಂಚಿನ ಮೇಲಿದ್ದವರು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು.

"ಬಂದ ಕಣ್ರಲಾ ಶೇಕಂಡ್ ಸಾ! ಕೈ ಮಡೀಕಳಿ, ಕೈ ಮಡೀಕಳಿ!"

"ಮಡೀಕಂಡಿವ್ನಿ ಬುಡ್ಲಾ. ನಿನ್ ಕೈ ನೋಡ್ಕ."

ಹೋಟೆಲಿನವನು ಲೋಟವನ್ನು ಮೇಜಿನ ತುದಿಗೆ ಇಟ್ಟು, "ತಗಳಿ ಸಾ. ಕೈಗ್ ಕೊಟ್ಟಿಲ್ಲ ಅಂತ ಬ್ಯಾಸರ ಮಾಡ್ಕಬ್ಯಾಡಿ, ಯಾಪಾರ ನಡೀಬೇಕಲ್ಲ" ಎನ್ನುತ್ತಿದ್ದ. ನಾನೂ ಅವರ ಜೊತೆ ನಗುತ್ತಿದ್ದೆ.

ಹೋಟೆಲಿನ ಸಂಗತಿ ಹೇಳಿದಾಗ ಡಾಕ್ಟರು ಮಾತ್ರ ನಗಲಿಲ್ಲ. "ಹಾಗಾದ್ರೆ ಎಲ್ಲರ ಕೈಯನ್ನೂ ಕುಲುಕಿ. ಮೇಷ್ಟ್ರು, ಅಂಗಡಿಯವನು, ಪಂಚಾಯ್ತಿ ಮೆಂಬರು, ಯಾರನ್ನೂ ಬಿಡಬೇಡಿ. ಇಲ್ದಿದ್ರೆ ನೀವು ಕೈ ಕುಲುಕ್ತಾ ಇಲ್ಲ, ಹಣೆ ಮೇಲೆ ಮುದ್ರೆ ಒತ್ತುತಾ ಇದ್ದೀರಿ" ಎಂದರು. ಒಂದು ತಿಂಗಳು ಮಾಡಿದೆ. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, "ನಮಸ್ಕಾರ, ನಮಸ್ಕಾರ" ಎಂದು ಕೈ ಮುಗಿದರು. ಮೆಂಬರು ಫೋನು ಬಂತು ಎಂದು ಒಳಗೆ ಹೋದರು. ಅವರ ಮನೆಗೆ ಇನ್ನೂ ಫೋನು ಬಂದಿರಲಿಲ್ಲ. ನನಗೆ ನಾಚಿಕೆಯಾಗಿ ಬಿಟ್ಟುಬಿಟ್ಟೆ. ರೋಗಿಗಳ ಕೈ ಕುಲುಕುವುದನ್ನಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮುಟ್ಟಲು ಹೆದರದವನು ಎಂದು ನನ್ನ ಬಗ್ಗೆ ನನಗೇ ಒಂದು ಅಭಿಮಾನ ಬಂದುಬಿಟ್ಟಿತ್ತು. ಅಮ್ಮನ ಹಿತ್ತಿಲ ಬಾಗಿಲನ್ನು ಗೆದ್ದೆ ಎಂದುಕೊಂಡಿದ್ದೆ.

ಮಾದಪ್ಪ ಸಿಕ್ಕಿದ್ದು ಇದಾದ ಎಷ್ಟೋ ವರ್ಷದ ಮೇಲೆ. ಅದು ಅವನ ನಿಜವಾದ ಹೆಸರಲ್ಲ. ಹೆಮ್ಮಿಗೆಯವನು, ದನದ ದಲ್ಲಾಳಿ. ನಮ್ಮ ಕಡೆ ದನದ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ದಲ್ಲಾಳಿಯೂ ಗಿರಾಕಿಯೂ ಟವಲ್ಲಿನ ಮರೆಯಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ, ಅಂಗೈ ಪೂರ್ತಿ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಮುಖದಲ್ಲಿ ಒಂದು ಗೆರೆಯೂ ಅಲುಗಬಾರದು. ಇಬ್ಬರು ಕೈ ಕುಲುಕುವುದನ್ನು ನಮ್ಮ ಜನ ಬಿಳಿಯರಿಂದ ಕಲಿಯಬೇಕಾಗಿರಲಿಲ್ಲ, ಆದರೆ ನಮ್ಮದಕ್ಕೆ ಮೇಲೊಂದು ಬಟ್ಟೆ ಬೇಕಿತ್ತು.

ಅವನು ತನ್ನ ತಾಲ್ಲೂಕು ಬಿಟ್ಟು ನಂಜನಗೂಡಿನ ಆಸ್ಪತ್ರೆಗೆ ಬಂದಿದ್ದ, ಅದೂ ಸೋಮವಾರ, ದೇವರ ದರ್ಶನಕ್ಕೆ ಬರುವ ಜನದ ನಡುವೆ ಯಾರ ಕಣ್ಣಿಗೂ ಬೀಳದಿರಲೆಂದು.

"ಏನಾಗಿದೆ?" ಎಂದೆ.

"ಏನೂ ಆಗಿಲ್ಲ ಸಾ. ಅದೇ ಆಗಿರದು. ಏನೂ ಗೊತ್ತಾಯ್ತಿಲ್ಲ."

"ಎಲ್ಲಿ ಗೊತ್ತಾಗ್ತಿಲ್ಲ?"

"ಟವಲ್ ಕೆಳ್ಗೆ."

ನನಗೆ ಅರ್ಥವಾಗಲಿಲ್ಲ. ಅವನು ಹೆಗಲಿನ ಟವಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಸಿದ. "ಇಡೀರಿ. ಎಷ್ಟ್ ಬೆಟ್ಟಾದ್ರೂ ಇಡೀರಿ." ನಾನು ಮೂರು ಬೆರಳು ಹಿಡಿದೆ. ಅವನು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೂತ. "ಎರಡಾ? ನಾಕಾ? ಓದ್ ವಾರ ಹಿಂಗೇ ಆಗೋಯ್ತು ಸಾ. ಅವ್ನು ಮೂರ್ ಇಡ್ದವ್ನೆ, ನಾನ್ ನಾಕು ಅನ್ಕಂಡು ಒಪ್ಪುಸ್ಬುಟ್ಟೆ. ಎತ್ತಿನೋನು ಜಗಳಕ್ ನಿಂತ. ಇಷ್ಟ್ ವರ್ಷದ ದಲ್ಲಾಳಿ, ಬೆಟ್ಟೆಣ್ಸಾಕ್ ಬರದಿಲ್ವಾ ನಿಂಗೆ ಅಂದ."

ಅಂಗೈ ಒಣಗಿತ್ತು. ಮೊಣಕೈ ನರ ಹಗ್ಗದಂತೆ ಸಿಕ್ಕಿತು. ಬೆನ್ನ ಮೇಲೆ ಮಚ್ಚೆಗಳು. ಬೆರಳು ಇನ್ನೂ ಮಡಚಿರಲಿಲ್ಲ. ಆಗ ಬ್ಲಿಸ್ಟರ್ ಪ್ಯಾಕಿನ ಗುಳಿಗೆಗಳು ಬಂದಿದ್ದವು. ಎರಡು ವರ್ಷ ತಪ್ಪದೆ ನುಂಗಿದರೆ ರೋಗ ಹೋಗುತ್ತದೆ, ಹೋದ ಸ್ಪರ್ಶ ಬರುವುದು ಕಷ್ಟ ಎಂದು ಹೇಳಿದೆ. ಅವನು ಸ್ಪರ್ಶದ ಮಾತು ಎತ್ತಲಿಲ್ಲ. ಎಡಗೈ ನೆಟ್ಟಗಿದೆ, ಬಲಗೈಗೆ ಎತ್ತು ಕೊಂಬಿನಿಂದ ತಿವಿಯಿತು ಎಂದು ಜನರಿಗೆ ಹೇಳಿ, ಇನ್ನು ಎಡದಲ್ಲೇ ವ್ಯಾಪಾರ ಮಾಡುತ್ತೇನೆ ಎಂದ. ಒಂದು ಮಾತು ಮಾತ್ರ ಕೇಳಿದ.

"ಎಲ್ ಬೇಕಾದ್ರೂ ಮಾತಾಡ್ಸಿ ಸಾ. ಸಂತೆಮಾಳದಲ್ಲಿ ಮಾತ್ರ ನನ್ ಗುರ್ತು ಇಡೀಬ್ಯಾಡಿ. ಅಲ್ ನಿಮ್ಮನ್ನ ಎಲ್ರೂ ಬಲ್ರು."

"ಆಯ್ತು ಮಾದಪ್ಪನವರೇ."

"ಬಾಯ್ಮಾತ್ ಬ್ಯಾಡಿ." ಟವಲ್ ಇನ್ನೂ ನಮ್ಮ ಕೈ ಮೇಲಿತ್ತು. ಅದರ ಕೆಳಗೆ ಎಡಗೈಯಿಂದ ನನ್ನ ಅಂಗೈಯನ್ನು ಒಂದು ಸಲ ಒತ್ತಿದ. "ಇದು ಯಾಪಾರ. ಇದ್ರಲ್ಲಿ ಮಾತ್ ತಪ್ಪಂಗಿಲ್ಲ."

ಎರಡು ವರ್ಷ ಅವನು ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ. ಗುಳಿಗೆಯಿಂದ ಮೈ ಕಪ್ಪಾಯಿತು, ಬಿಸಿಲಲ್ಲಿ ಅಲೆಯುವವನಾದ್ದರಿಂದ ಯಾರೂ ಯಾಕೆಂದು ಕೇಳಲಿಲ್ಲ. ತಿಂಗಳ ಪ್ಯಾಕನ್ನು ಪೇಪರಿನಲ್ಲಿ ಸುತ್ತಿ ನರಸೀಪುರ ಬಸ್ ಸ್ಟ್ಯಾಂಡಿನಲ್ಲಿ ಕೊಡುತ್ತಿದ್ದೆ. ಅಪರಿಚಿತರಂತೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದೆವು. ಕೊನೆಯ ಪ್ಯಾಕ್ ಕೊಟ್ಟ ದಿನ ಅವನು ರಸ್ತೆಯನ್ನೇ ನೋಡುತ್ತಾ, "ಮುಗೀತಲ್ಲ ಸಾ. ಇನ್ ನೀವ್ಯಾರೋ ನಾನ್ಯಾರೋ" ಎಂದ. ಅದರಷ್ಟು ಖುಷಿಯ ಮಾತನ್ನು ಅವನ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ನಮ್ಮ ಹಳೆಯ ಡಾಕ್ಟರು ನಿವೃತ್ತರಾಗಿ, ಹೊಸ ಮೇಲಧಿಕಾರಿ ಬಂದಿದ್ದರು. ಅವರಿಗೂ ಶೇಕ್‌ಹ್ಯಾಂಡ್ ಪ್ರೀತಿ, ಆದರೆ ಕ್ಯಾಮೆರಾ ಇರಬೇಕು. ಒಂದು ಸಮಾರಂಭದಲ್ಲಿ ಗುಣವಾದ ಮುದುಕನೊಬ್ಬನನ್ನು ವೇದಿಕೆಗೆ ಹತ್ತಿಸಿ ಕೈ ಕುಲುಕಿದರು. ಫ್ಲ್ಯಾಶ್ ಹೊತ್ತಲಿಲ್ಲ. ಇನ್ನೊಂದು ಸಲ ಕುಲುಕಿದರು. ಆಗಲೂ ಹೊತ್ತಲಿಲ್ಲ. ಮೂರನೆಯ ಸಲಕ್ಕೆ ಮುದುಕ ಬೆರಳಿಲ್ಲದ ಕೈಯನ್ನು ಹಿಂದಕ್ಕೆಳೆದುಕೊಂಡು, "ಎಷ್ಟ್ ಸಲ ಅಂತ ಮೊದ್ಲೇ ಏಳ್ಬುಡಿ ಬುದ್ಧಿ, ನಾನ್ ಬಸ್ಸಿಗ್ ಓಗ್ಬೇಕು" ಎಂದ. ಸಭೆ ನಕ್ಕಿತು. ಅಧಿಕಾರಿಯೂ ನಕ್ಕರು. ಮರುದಿನ ನಮಗೆಲ್ಲ ಸೂಚನೆ ಬಂತು: ಪ್ರತಿ ಶಿಬಿರದಲ್ಲೂ ಗುಣವಾದವರ ಕೈಯನ್ನು ಸಾರ್ವಜನಿಕರ ಎದುರು ಕುಲುಕಿ, ಜನರ ಭಯ ಹೋಗಲಾಡಿಸಬೇಕು.

ಅದಾದ ಮೇಲಿನ ವಾರವೇ ನರಸೀಪುರ ಕಡೆಯ ದನದ ಸಂತೆಯಲ್ಲಿ ನಮ್ಮ ಶಿಬಿರ. ಹುಣಸೆಮರದ ಕೆಳಗೆ ಮೇಜು, ಮಚ್ಚೆಗಳ ಚಿತ್ರಪಟ. ಮಾದಪ್ಪ ಒಬ್ಬ ಗಿರಾಕಿಯ ಜೊತೆ ಎತ್ತಿನ ಜೋಡಿಯ ಪಕ್ಕದಲ್ಲಿ ಬಂದ. ಗಿರಾಕಿಯ ಟವಲ್ ಆಗಲೇ ಹೆಗಲಿಂದ ಇಳಿದಿತ್ತು. ನನ್ನನ್ನು ಕಂಡು ಮಾದಪ್ಪ ನಿಂತ. ಆಮೇಲೆ ನಾವಿಬ್ಬರೂ ಕೈ ಕುಲುಕಿದೆವು.

ಸಂತೆ ನಿಶ್ಶಬ್ದವಾಯಿತು ಎಂದು ಮೊದಲ ಮೂರು ಸಲವೂ ಬರೆದಿದ್ದೆ. ಸುಳ್ಳು. ದನದ ಸಂತೆ ಯಾವತ್ತೂ ನಿಶ್ಶಬ್ದವಾಗುವುದಿಲ್ಲ. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಗಿರಾಕಿ ತನ್ನ ಟವಲ್ಲನ್ನು ಮಡಿಸಿ ಮತ್ತೆ ಹೆಗಲ ಮೇಲೆ ಹಾಕಿಕೊಂಡ. "ಬತ್ತೀನಿ ಮಾದಪ್ಪ. ಮನೇಲ್ ಒಂದ್ ಮಾತ್ ಕೇಳ್ಬೇಕು" ಎಂದು ಹೋದ. ಅಷ್ಟೇ.

ಈಗ ಪ್ರಶ್ನೆ. ನನ್ನ ನೆನಪಿನಲ್ಲಿ ಮೊದಲು ಕೈ ಚಾಚಿದವನು ಮಾದಪ್ಪ. ಗುಣವಾದ ಸಂತೋಷದಲ್ಲಿ ತನ್ನ ಷರತ್ತನ್ನು ತಾನೇ ಮರೆತು ಚಾಚಿದ. ಈ ಚಿತ್ರ ನನಗೆ ಬಹಳ ಸ್ಪಷ್ಟವಾಗಿದೆ, ಅವನ ಅಂಗಿಯ ತೋಳಿನ ಮಡಿಕೆಯೂ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಕೆಲವು ದಿನ ಬೇರೆ ಚಿತ್ರ ಬರುತ್ತದೆ. ಅದರಲ್ಲಿ ಚಾಚಿದವನು ನಾನು, ಸಂತೋಷಕ್ಕೆ. ಇನ್ನೂ ಕೆಲವು ದಿನ ಮೂರನೆಯದು. ಅದರಲ್ಲೂ ಚಾಚಿದವನು ನಾನೇ. ಮೇಲಧಿಕಾರಿಯ ಸೂಚನೆ ಜೇಬಿನಲ್ಲಿತ್ತು, ಜನ ಸೇರಿದ್ದರು, ತೋರಿಸಲು ಒಬ್ಬ ಬೇಕಿತ್ತು. ಆ ದಿನದ ಟೂರ್ ಡೈರಿ ತೆಗೆದು ನೋಡಿದೆ. "ಸಂತೆಮಾಳದಲ್ಲಿ ಆರೋಗ್ಯ ಶಿಕ್ಷಣ. ಜನರ ಪ್ರತಿಕ್ರಿಯೆ ಉತ್ತಮ" ಎಂದು ನನ್ನದೇ ಅಕ್ಷರದಲ್ಲಿದೆ.

ಒಂದು ತಿಂಗಳ ಮೇಲೆ ಮಾದಪ್ಪ ಬಸ್ ಸ್ಟ್ಯಾಂಡಿಗೆ ಬಂದ. ಈ ಸಲ ಬೆಂಚಿನ ಆ ತುದಿಗೆ ಹೋಗದೆ ನನ್ನ ಪಕ್ಕದಲ್ಲೇ ಕೂತ. ಇನ್ನು ಮರೆಮಾಡಲು ಏನೂ ಉಳಿದಿರಲಿಲ್ಲ.

"ಯಾರೂ ಟವಲ್ ಆಸ್ತಾ ಇಲ್ಲ ಸಾ. 'ಬಾಯಲ್ಲೇ ಏಳು ಮಾದಪ್ಪ' ಅಂತಾರೆ. ಬಾಯಲ್ಲಿ ಏಳುದ್ರೆ ಅದು ಯಾಪಾರವಾ?"

"ನಾನು ಬಂದು ಹೇಳ್ತೀನಿ. ಪೂರ್ತಿ ವಾಸಿಯಾಗಿದೆ, ಯಾರಿಗೂ ಅಂಟೋದಿಲ್ಲ ಅಂತ ಎಲ್ಲರ ಎದುರಿಗೂ ಹೇಳ್ತೀನಿ."

"ಬ್ಯಾಡಿ. ನೀವ್ ಬಂದಷ್ಟೂ ಜಾಸ್ತಿ ಆಯ್ತದೆ."

ಅವನು ಬೈಯಲಿಲ್ಲ. ಬೈದಿದ್ದರೆ ಮೊದಲು ಕೈ ಚಾಚಿದವನು ನಾನೇ ಎಂದು ಬರೆಯಲು ಒಂದು ಆಧಾರ ಸಿಗುತ್ತಿತ್ತು.

ದಲ್ಲಾಳಿ ಕೆಲಸ ಬಿಟ್ಟು ಅವನು ಆಲೆಮನೆಗೆ ಸೇರಿಕೊಂಡ. ಸ್ಪರ್ಶವಿಲ್ಲದ ಕೈಯವನು ಬೆಂಕಿಯ ಹತ್ತಿರ ಕೆಲಸ ಮಾಡಬಾರದು. ಅದನ್ನು ಹೇಳಬೇಕಾಗಿದ್ದವನು ನಾನು, ಹೇಳಲು ಅವನ ಮನೆಗೆ ಹೋಗುವ ಮುಖ ನನಗಿರಲಿಲ್ಲ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಅಂಚಿಗೆ ಬಲಗೈ ಊರಿ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದನಂತೆ. ಸುಟ್ಟ ವಾಸನೆ ಮೊದಲು ಬಂದದ್ದು ಪಕ್ಕದಲ್ಲಿದ್ದವನಿಗೆ. ಗಾಯ ಕೊಳೆತು, ಮೈಸೂರಿನಲ್ಲಿ ಮೂರು ಬೆರಳು ತೆಗೆದರು. ಅವನು ಸತ್ತದ್ದು ನನಗೆ ಗೊತ್ತಾದದ್ದು ವರ್ಷಗಳ ಮೇಲೆ, ಹಳೆಯ ರಿಜಿಸ್ಟರಿನ ಹೆಸರುಗಳನ್ನು ಪರಿಶೀಲಿಸುವಾಗ.

ಆ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ನಮ್ಮ ವಿಭಾಗವನ್ನು ಸಾಮಾನ್ಯ ಆರೋಗ್ಯ ಸೇವೆಯೊಳಗೆ ಸೇರಿಸಿದರು. ಮನೆಮನೆ ಸಮೀಕ್ಷೆ ನಿಂತಿತು, ಇನ್ನು ರೋಗಿಯೇ ಆಸ್ಪತ್ರೆಗೆ ಬರಬೇಕು. ರೋಗ ಹೆಚ್ಚುಕಡಿಮೆ ಹೋದಂತೆ ಎಂದರು. ಹುಡುಕುವವರನ್ನು ತೆಗೆದರೆ ಸಿಗುವವರೂ ಕಡಿಮೆಯಾಗುತ್ತಾರೆ ಎಂದು ನಾನು ಒಮ್ಮೆ ಮೀಟಿಂಗಿನಲ್ಲಿ ಹೇಳಿದೆ. ಯಾರೋ ಟೀ ಬಂತು ಎಂದರು.

ನಿವೃತ್ತಿಯ ನಂತರ ಕೊರೊನಾ ಬಂತು. ಯಾರೂ ಯಾರ ಕೈಯನ್ನೂ ಕುಲುಕಬಾರದು ಎಂದಾಯಿತು. ನಮಸ್ಕಾರವೇ ಶ್ರೇಷ್ಠ, ಮುಟ್ಟದೆ ಗೌರವ ಕೊಡುವುದು ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂದು ಫೋನಿನಲ್ಲಿ ದಿನಕ್ಕೆ ಹತ್ತು ಸಂದೇಶ ಬರುತ್ತಿದ್ದವು. ಇಡೀ ಜಗತ್ತು ಬಿಳಿಗೆರೆಯ ಹೋಟೆಲಿನವರಂತೆ ಕೈ ಕಟ್ಟಿಕೊಂಡಿತು. ನನಗೆ ಅದರಿಂದ ಸಮಾಧಾನವೂ ಆಗಲಿಲ್ಲ, ಕೋಪವೂ ಬರಲಿಲ್ಲ. ಮಾದಪ್ಪನಿಗೆ ಎಲ್ಲರೂ ಹೀಗೆ ಕೈ ಮಡಚಿ ಕೂರುವ ಕಾಲದಲ್ಲಿ ಹುಟ್ಟುವ ಅದೃಷ್ಟವಿರಲಿಲ್ಲ ಎಂದುಕೊಂಡೆ. ಇದೂ ಅರ್ಥವಿಲ್ಲದ ಮಾತು. ಬಿಡಿ.

ಹೋದ ವರ್ಷ ಹೆಮ್ಮಿಗೆಗೆ ಹೋದೆ. ಈ ಬರವಣಿಗೆಗಾಗಿ ಎಂದು ಹೆಂಡತಿಗೆ ಹೇಳಿದೆ. ನಿಜವಾಗಿ ಹೋದದ್ದು, ಮೊದಲು ಕೈ ಚಾಚಿದವನು ತನ್ನ ಗಂಡನೇ ಎಂದು ಮಾದಪ್ಪನ ಹೆಂಡತಿಯ ಬಾಯಲ್ಲಿ ಕೇಳುವ ಆಸೆಗೆ. ಅವಳನ್ನು ದೇವೀರಮ್ಮ ಎನ್ನೋಣ. ಜಗಲಿಯ ಮೇಲೆ ಕೂತಿದ್ದಳು, ಎರಡೂ ಕೈ ಸೆರಗಿನೊಳಗೆ.

"ನಾನು..." ಎಂದೆ.

"ಗೊತ್ತು. ಶೇಕಂಡ್ ಸಾ. ಕುಂತ್ಕಳಿ. ಈಗ್ಯಾರೂ ನೋಡಲ್ಲ ಬುಡಿ, ನಿಮ್ ಗುರ್ತು ಇಡಿಯೋರೆಲ್ಲ ಸತ್ತೋದ್ರು."

"ಒಂದು ವಿಷಯ ಕೇಳ್ಬೇಕಿತ್ತು ತಾಯಿ. ಅವತ್ತು ಸಂತೇಲಿ..."

"ಯಾರು ಮೊದ್ಲು ಕೈ ನೀಡುದ್ರು ಅಂತಲಾ?"

ನಾನು ತಲೆಯಾಡಿಸಿದೆ.

"ನೀವೇ ನೀಡುದ್ರಂತೆ. ನಗ್ನಗ್ತಾ ನೀಡುದ್ರಂತೆ. ಅವ್ರು ಒಂದ್ ಗಳ್ಗೆ ಸುಮ್ನೆ ನೋಡುದ್ರಂತೆ. ಕೊಟ್ರೆ ಏನಾಯ್ತದೆ ಅಂತ ಅವ್ರಿಗ್ ಗೊತ್ತಿತ್ತು. ಆದ್ರೂವೆ, ಎರಡ್ ವರ್ಷ ಗುಳ್ಗೆ ಕೊಟ್ಟೋರು, ಅಷ್ಟ್ ಜನದ್ ಮುಂದೆ ನೀಡಿರೋ ಕೈಯ ಹಂಗೇ ಬುಟ್ರೆ ಅವ್ರ ಮಾನ ಓಯ್ತದೆ ಅಂತ ಕೊಟ್ರಂತೆ. ಸಾಯಗಂಟ ಇದ್ನೇ ಏಳ್ತಿದ್ರು."

"ನಾನು ಬೇಕು ಅಂತ ಮಾಡಿದ್ದಲ್ಲ ತಾಯಿ."

"ನೀವ್ ಬೇಕಂತ ಮಾಡ್ನಿಲ್ಲ. ಅವ್ರು ಬೇಕಂತ್ಲೇ ಮಾಡುದ್ರು."

ಅವಳ ನೆನಪನ್ನೂ ಅನುಮಾನಿಸಬಹುದು. ಗಂಡನನ್ನು ಕಳೆದುಕೊಂಡವಳು ಅವನನ್ನು ದೊಡ್ಡವನನ್ನಾಗಿ ಮಾಡಿಕೊಂಡಿರಬಹುದು. ದಾರಿಯುದ್ದಕ್ಕೂ ಹಾಗೆ ಯೋಚಿಸಲು ನೋಡಿದೆ, ಆಗಲಿಲ್ಲ. ಬೆಲೆ ಎಷ್ಟೆಂದು ತಿಳಿದೇ ಕೈ ನೀಡುವುದು ಅವನ ಕಸುಬಾಗಿತ್ತು.

ಎದ್ದು ನಿಂತೆ. ಕೈ ಮುಗಿದೆ. ದೇವೀರಮ್ಮ ತಿರುಗಿ ಮುಗಿಯಲಿಲ್ಲ. ನಮ್ಮ ಕಡೆಯ ಹೆಂಗಸು, ಎಷ್ಟು ಕೋಪವಿದ್ದರೂ, ಹೊಸಿಲಿಗೆ ಬಂದವರಿಗೆ ಕೈ ಮುಗಿಯದೆ ಇರುವುದಿಲ್ಲ. ನಾನು ಹಾಗೇ ನಿಂತೆ. ಅವಳು ನನ್ನ ಮುಖ ನೋಡಿದಳು. ಸೆರಗಿನೊಳಗಿಂದ ಕೈ ತೆಗೆದು ಜೋಡಿಸಲು ಹೋದಳು. ಅಂಗೈಗಳು ಕೂಡಲಿಲ್ಲ. ಎರಡು ಕೈಯಲ್ಲೂ ಕಿರುಬೆರಳು, ಉಂಗುರಬೆರಳು ಕೊಕ್ಕೆಯಂತೆ ಮಡಚಿ ಗಟ್ಟಿಯಾಗಿದ್ದವು.

"ಎಷ್ಟು ವರ್ಷದಿಂದ?"

"ಅವ್ರಿದ್ದಾಗ್ಲೇ."

"ಯಾಕೆ ಹೇಳ್ಲಿಲ್ಲ ತಾಯಿ?"

"ಏಳುದ್ರೆ ನೀವ್ ಬತ್ತಿದ್ರಲ್ಲ."

ಇಲ್ಲಿಯವರೆಗೆ ಒಂದು ವಿಷಯ ಬಿಟ್ಟು ಬರೆದಿದ್ದೇನೆ. ರೋಗಿ ಸಿಕ್ಕಿದ ಕೂಡಲೇ ಮನೆಯವರೆಲ್ಲರನ್ನೂ ಪರೀಕ್ಷಿಸಬೇಕು, ಅದು ನಿಯಮ. ಮಾದಪ್ಪನ ಮನೆಗೆ ನಾನು ಹೋಗಲಿಲ್ಲ. ಹೋದರೆ ಊರಿಗೆ ತಿಳಿಯುತ್ತದೆ, ಕೊಟ್ಟ ಮಾತು ಮುರಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ರಿಜಿಸ್ಟರಿನಲ್ಲಿ ಹೆಂಡತಿಯ ಹೆಸರಿನ ಮುಂದೆ "ಪರೀಕ್ಷಿಸಲಾಗಿದೆ, ಚಿಹ್ನೆಗಳಿಲ್ಲ" ಎಂದು ಬರೆದೆ. ಅವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಸುಳ್ಳು ಬರೆದೆ. ಆ ಮಾತನ್ನೂ ಉಳಿಸಿಕೊಳ್ಳಲಿಲ್ಲ.

ಗುಳಿಗೆ ಈಗ ಒಂದೇ ವರ್ಷ, ಮನೆಗೇ ಬರುತ್ತದೆ, ರೋಗ ಕಣ್ಣಿಗಾದರೂ ಹೋಗದಂತೆ ತಡೆಯಬಹುದು ಎಂದೆಲ್ಲ ಹೇಳಿದೆ. "ಬೆಟ್ಟು ನೆಟ್ಗಾಯ್ತವಾ?" ಎಂದಳು. ಇಲ್ಲ ಎಂದೆ. "ಓಗ್ಬುಟ್ ಬನ್ನಿ ಸಾ. ಯಾರ್ಗೂ ಏಳ್ಬ್ಯಾಡಿ."

ಈ ಸಲ ನಾನು ಮಾತು ಕೊಡಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗ ಕೆಲಸದಲ್ಲಿರುವ ಹೆಣ್ಣುಮಗಳಿಗೆ ಎಲ್ಲವನ್ನೂ ಹೇಳಿದೆ. ಯೂನಿಫಾರಂ ಹಾಕದೆ ಹೋಗು, ಗಾಡಿ ದೂರ ನಿಲ್ಲಿಸು ಎಂದೆ. ಅವಳು ಹಾಗೆಯೇ ಹೋದಳು, ಮೂರನೆಯ ದಿನ. ಬಾಗಿಲಿಗೆ ಬೀಗ. ದೇವೀರಮ್ಮ ನೆಂಟರ ಮನೆಗೆ ಹೋದಳು ಎಂದರಂತೆ. ತಗಡೂರು ಕಡೆ ಎಂದು ಒಬ್ಬರು, ಬಿಳಿಗೆರೆ ಕಡೆ ಎಂದು ಇನ್ನೊಬ್ಬರು. ಎರಡು ಸಲ ನಾನೇ ಹುಡುಕಿಕೊಂಡು ಹೋದೆ. ಶೇಕಂಡ್ ಸಾ ಎಂಬ ಹಳೆಯ ಹೆಸರು ಇನ್ನೂ ಪೂರ್ತಿ ಸತ್ತಿಲ್ಲ. ನಾನು ಕೇಳಿದ ಕಡೆಯಲ್ಲೆಲ್ಲ ಜನ ಅಂಥವರು ಇಲ್ಲಿಲ್ಲ ಎಂದರು.

ಹೊಸದಾಗಿ ಸೇರಿದವರೇ, ಅವಳು ನಿಮ್ಮಲ್ಲಿ ಯಾರ ಊರಿನಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅರವತ್ತು ದಾಟಿದ ಹೆಂಗಸು, ಕೈ ಸೆರಗಿನೊಳಗೆ ಇರುತ್ತದೆ. ಅವಳೊಬ್ಬಳೇ ಎಂದೂ ಹೇಳಲಾರೆ. ಸಿಕ್ಕರೆ ಕೈ ಚಾಚಬೇಡಿ, ಮುಗಿಯಲೂ ಬೇಡಿ. ಜಗಲಿಯ ಮೇಲೆ ಕೂತು ಕುಡಿಯಲು ಮಜ್ಜಿಗೆ ಕೇಳಿ. ತಂದುಕೊಟ್ಟರೆ, ಲೋಟ ಹಿಡಿದ ಬೆರಳನ್ನು ನೋಡದೆ, ಪೂರ್ತಿ ಕುಡಿಯಿರಿ. ಮಾತು ಆಮೇಲೆ.